ಹಕ್ಕಿಯ ರೆಕ್ಕೆ ಮಸುಕಾಗಲಿ ಬಿಡಿ

ರಂಗನತಿಟ್ಟಿನ ಬಣ್ಣದ ಕೊಕ್ಕರೆ ಫೋಟೊ ಎಷ್ಟು ಬೇಕಾದರೂ ಸಿಗುತ್ತದೆ, ಗರಿ ಎಣಿಸುವಷ್ಟು ಸ್ಪಷ್ಟವಾಗಿ. ಅಂಥದ್ದೇ ಇನ್ನೊಂದು ಯಾಕೆ? ಈ ಸಲ ಬೇಕಂತಲೇ ರೆಕ್ಕೆಯನ್ನು ಮಸುಕು ಮಾಡಿ ನೋಡಿ. ಹಕ್ಕಿ ಹಾರುತ್ತಿದೆ ಅನ್ನೋದು ಆಗಲೇ ಕಾಣುವುದು.

ಸಂಜೆ ಹೋಗಿ. ಹಕ್ಕಿಗಳು ಕಾವೇರಿಯ ನಡುಗಡ್ಡೆಗಳಿಗೆ ಮರಳುವ ಹೊತ್ತು, ಬೆಳಕೂ ಕಡಿಮೆ. ರೆಕ್ಕೆ ಮಸುಕಾಗಬೇಕೆಂದರೆ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು. ಸುಡುಬಿಸಿಲಲ್ಲಿ 1/30 ಸೆಕೆಂಡ್ ಶಟರ್ ಇಟ್ಟರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100ಕ್ಕೆ ಇಳಿಸಿ, ಲೆನ್ಸಿನ ಕಿಂಡಿಯನ್ನು ಎಫ್/16ರಷ್ಟು ಕಿರಿದು ಮಾಡಿದರೂ ಫೋಟೊ ಬೆಳ್ಳಗಾಗಿಬಿಡುತ್ತದೆ. ಲೆನ್ಸಿನ ಮುಂದೆ ಹಾಕಿ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಇದ್ದರೆ ಸರಿ. ದೋಣಿ ಅಲ್ಲಾಡುತ್ತದೆ, ಈ ಕೆಲಸಕ್ಕೆ ದಡವೇ ವಾಸಿ.

ಕ್ಯಾಮೆರಾವನ್ನು ಶಟರ್ ಪ್ರಯಾರಿಟಿಗೆ ಹಾಕಿ, ಶಟರ್ ವೇಗ ನೀವು ಆರಿಸಿದರೆ ಕಿಂಡಿಯ ಅಳತೆ ಅದೇ ನೋಡಿಕೊಳ್ಳುತ್ತದೆ. ಮೋಡ್ ಡಯಲ್‌ನಲ್ಲಿ ಕ್ಯಾನನ್‌ನಲ್ಲಾದರೆ Tv, ನಿಕಾನ್‌ನಲ್ಲಾದರೆ S. ಕೊಕ್ಕರೆ ನಿಧಾನವಾಗಿ ರೆಕ್ಕೆ ಬಡಿಯುತ್ತದೆ, ಅದಕ್ಕೆ 1/30. ನೀರುಕಾಗೆಯದು ಚುರುಕು, 1/60 ಸಾಕು. ಕೈ ಕೂತ ಮೇಲೆ 1/15ಕ್ಕೆ ಇಳಿಯಿರಿ. ಹಕ್ಕಿಯನ್ನು ಬಿಡದೆ ಹಿಂಬಾಲಿಸುವ ಕಂಟಿನ್ಯೂಯಸ್ ಫೋಕಸ್ ಇರಲಿ, ಜೊತೆಗೆ ಒಂದೇ ಸಮನೆ ಹಲವು ಫೋಟೊ ತೆಗೆಯುವ ಬರ್ಸ್ಟ್.

ಇನ್ನು ಮುಖ್ಯವಾದದ್ದು ನಿಲ್ಲುವ ರೀತಿ. ಹಕ್ಕಿ ಎಲ್ಲಿಗೆ ಹೋಗುತ್ತದೋ ಆ ಕಡೆ ಪಾದ ಇಟ್ಟು, ಸೊಂಟದ ಮೇಲಿನ ಭಾಗವನ್ನಷ್ಟೇ ಹಕ್ಕಿ ಬರುವ ಕಡೆಗೆ ತಿರುಗಿಸಿ, ದೂರದಿಂದಲೇ ಅದನ್ನು ಹಿಂಬಾಲಿಸುತ್ತಾ ಬನ್ನಿ. ನಿಮಗೆ ಅಡ್ಡಲಾಗಿ ಬಂದಾಗ ಒತ್ತಿ. ಒತ್ತಿದ ತಕ್ಷಣ ಕೈ ನಿಲ್ಲಿಸಬೇಡಿ, ಅಲ್ಲೇ ಎಲ್ಲ ಹಾಳಾಗುವುದು. ಹಿಂದೆ ಖಾಲಿ ಆಕಾಶ ಇದ್ದರೆ ಸ್ವಾರಸ್ಯವಿಲ್ಲ. ಬಿಸಿಲು ನೆರಳು ಬೆರೆತ ಮರಗಳಿದ್ದರೆ ಹಸಿರು ಗೆರೆಗಳಾಗಿ ಹರಿಯುತ್ತವೆ.

ಜಾಸ್ತಿ ಫೋಟೊ ಕೆಡುತ್ತವೆ, ಕೆಡಲಿ. ಕ್ಯಾಮೆರಾದ ಪುಟ್ಟ ಪರದೆ ನೋಡಿ ಅಲ್ಲೇ ಡಿಲೀಟ್ ಮಾಡಬೇಡಿ. ಮನೆಯಲ್ಲಿ ದೊಡ್ಡದಾಗಿ ನೋಡಿ: ತಲೆ ಸುಮಾರಾಗಿ ಸ್ಪಷ್ಟವಿದ್ದು ರೆಕ್ಕೆ ಕರಗಿದ್ದರೆ ಇಟ್ಟುಕೊಳ್ಳಿ. ತಲೆಯೂ ಮಸುಕು, ಆದರೆ ಆಕಾರ ಚೆಂದ ಅನ್ನಿಸಿದರೆ ಅದನ್ನೂ ಇಟ್ಟುಕೊಳ್ಳಿ, ಯಾರು ಕೇಳ್ತಾರೆ?

ಬೆಳಕು ಪೂರ್ತಿ ಇಳಿದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಫೋಟೊ ಎಷ್ಟು ಬೆಳಗಬೇಕು ಅನ್ನುವ ಹೊಂದಾಣಿಕೆ) ಮೈನಸ್ 2ಕ್ಕೆ ತಂದು ಆಕಾಶದೆದುರು ಕಪ್ಪು ಆಕೃತಿ ಹಿಡಿಯಬಹುದು. ಐಎಸ್‌ಒ ಏರಿಸಿ ಕಾಳುಕಾಳು ಬಂತಾ? ಸಾಫ್ಟ್‌ವೇರ್‌ನಲ್ಲಿ ತಿಕ್ಕಿ ತಿಕ್ಕಿ ಪ್ಲಾಸ್ಟಿಕ್ ಮಾಡುವ ಬದಲು ಕಪ್ಪು-ಬಿಳುಪು ಮಾಡಿ ನೋಡಿ. ನಮ್ಮ ರಾಜ್ಯದ ಹಣಕಾಸು ಮಂತ್ರಿಯಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಕಾಡುಪ್ರಾಣಿಗಳನ್ನು ಕಪ್ಪು-ಬಿಳುಪಿನಲ್ಲಿ ತೆಗೆದೇ ಹೆಸರಾದವರು.

ಹಾರಲಿ ಅಂತ ಚಪ್ಪಾಳೆ ತಟ್ಟುವುದು, ಗೂಡಿನ ಹತ್ತಿರ ಹೋಗುವುದು ಬೇಡವೇ ಬೇಡ. ಅಭ್ಯಾಸಕ್ಕೆ ಅಷ್ಟು ದೂರವೂ ಹೋಗಬೇಕಿಲ್ಲ, ನಿಮ್ಮೂರ ಕೆರೆ ಏರಿ ಮೇಲೆ ನಿಂತರೆ ಸಂಜೆ ಬೆಳ್ಳಕ್ಕಿ ಸಾಲುಸಾಲು ಬರುತ್ತವೆ.