ಹಮಾಲನ ಪಾಪರ್ ಅಪೀಲಿಗೆ ನಂಬರ್ ಬಿತ್ತು

"ಕೆಳಗಿನ ಕೋರ್ಟಿನ್ಯಾಗ ಪೂರಾ ಫೀ ಕಟ್ಟ್ಯಾನ, ಅಪೀಲಿಗೆ ಪಾಪರ್ ಅಂದ್ರ ಯಾರು ನಂಬ್ತಾರ್ರೀ?" ಅಂತ ಕಲಬುರಗಿ ಬಾರ್‌ನ ಹಿರಿಯರೊಬ್ಬರು ನಕ್ಕಿದ್ದರು. ಕೋರ್ಟ್ ಫೀ ಕಟ್ಟಲಾಗದ ಬಡವ (ಪಾಪರ್) ಅಂತ ಒಪ್ಪಿ, ಫೀ ಇಲ್ಲದೆ ಅಪೀಲು ತೆಗೆದುಕೊಳ್ಳಿ ಅನ್ನುವ ಆ ಅರ್ಜಿ ಮಂಜೂರಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಕಕ್ಷಿದಾರ ದಾಲ್‌ಮಿಲ್ ಹಮಾಲ. ಪಾಲು ಕೇಳಿದ ದಾವೆ ವಜಾ ಆಗಿತ್ತು. ಹೊಲವಾಗಿದ್ದರೆ ಫೀಗೆ ಕಂದಾಯದ 25 ಪಟ್ಟು ಲೆಕ್ಕ ಹಿಡಿದು ಮುಗಿಸಬಹುದಿತ್ತು. ಇದು ಊರೊಳಗಿನ ಮನೆ, ಸ್ವಾಧೀನ ಅಣ್ಣಂದಿರದು, ಹಾಗಾಗಿ ಮಾರುಕಟ್ಟೆ ಬೆಲೆ. ಪಾಲಿಗೆ 23-24 ಲಕ್ಷ ಹಿಡಿದರೂ ಫೀ ಲಕ್ಷ ದಾಟುತ್ತಿತ್ತು.

ಹೈಕೋರ್ಟ್ ಅಪೀಲಿಗೆ 90 ದಿನ ಅಂತ ನಿಶ್ಚಿಂತೆಯಾಗಿ ಕೂತವರ ಪಾಪರ್ ಅರ್ಜಿಗಳು ಬಿದ್ದದ್ದನ್ನು ಕಂಡಿದ್ದೇನೆ. ಲಿಮಿಟೇಶನ್ ಕಾಯ್ದೆಯ 130ನೇ ಅನುಚ್ಛೇದದಲ್ಲಿ ಇದಕ್ಕೆ 60 ದಿನವಷ್ಟೇ. ತೀರ್ಪಿನ ನಕಲಿಗೆ ಹಿಡಿದ ದಿನ ಕಳೆಯಬಹುದು. ಅರ್ಜಿ ಕೊಡಲು ಕಕ್ಷಿದಾರನನ್ನೇ ಕರೆದೊಯ್ದೆ, ಅವನ ಒಂದು ದಿನದ ಹಮಾಲಿ ಹೋಯಿತು. 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ, 2013ರಲ್ಲಿ ಕಾಯಂ ಪೀಠ ಇಲ್ಲಿಗೆ ಬರದಿದ್ದರೆ ಬೆಂಗಳೂರಿನ ರೈಲು ಚಾರ್ಜಿಗೇ ಸಾಲ ಮಾಡಬೇಕಿತ್ತು.

ಕೆಳಗಿನ ಕೋರ್ಟಿನಲ್ಲೇ ಪಾಪರ್ ಅಂತ ಒಪ್ಪಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 44 ನಿಯಮ 3ರಲ್ಲಿ ಒಂದು ಅಫಿಡವಿಟ್ ಸಾಕು, ಎದುರಿನವರು ತಕರಾರು ತೆಗೆಯದಿದ್ದರೆ. ನಮಗೆ ಪೂರ್ತಿ ವಿಚಾರಣೆಯೇ ಗತಿ. ನಾಡಕಚೇರಿಯ ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡು ಇಟ್ಟರೆ ಯಾರೂ ಕಣ್ಣೆತ್ತಿ ನೋಡಲಿಲ್ಲ. ಕೆಲಸಕ್ಕೆ ಬಂದದ್ದು ಪಾಸ್‌ಬುಕ್. ಮಾವನ ಖಾತೆಯಿಂದ ದುಡ್ಡು ಬಂದ ಎರಡನೇ ದಿನಕ್ಕೆ ಅಷ್ಟೇ ಮೊತ್ತ ಫೀಗೆ ಹೋಗಿತ್ತು, ಆ ಸಾಲ ಇನ್ನೂ ತೀರಿಲ್ಲ. ಕೆಳಗೆ ಫೀ ಕಟ್ಟಿದ ದುಡ್ಡು ಎಲ್ಲಿಂದ ಬಂತು ಅನ್ನುವ ಸರ್ಕಾರಿ ವಕೀಲರ ಪ್ರಶ್ನೆಗೆ ಅಲ್ಲೇ ಉತ್ತರವಿತ್ತು. "ಲಕ್ಷಗಟ್ಟಲೆ ಮನೆಯಲ್ಲಿ ಪಾಲು ಕೇಳುವವ ಬಡವನೇ?" ಅಂತ ಅಣ್ಣಂದಿರ ವಕೀಲರು ಜೋರು ಮಾಡಿದರು. ವ್ಯಾಜ್ಯದ ಸ್ವತ್ತನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ ಅಂತ ಆದೇಶ 33 ನಿಯಮ 1ರ ವಿವರಣೆ ಓದಿದೆ, ಮುಗಿಯಿತು. ಮಾವನನ್ನು ಸಾಕ್ಷಿಕಟ್ಟೆಗೆ ಯಾವ ಹಂತದಲ್ಲಿ ಹತ್ತಿಸಿದೆ ಅನ್ನೋದನ್ನು ಮಾತ್ರ ಬರೆಯುವುದಿಲ್ಲ, ಎದುರಿನವರೂ ಓದುತ್ತಾರೆ.

ನಡುವೆ ಇನ್ನೊಂದು ಪ್ರಯೋಗ. ಸೇಡಂ ಕಡೆಯ ವಿಧವೆಯೊಬ್ಬರ ಫೈಲನ್ನು ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿದೆ. 1987ರ ಕಾಯ್ದೆಯ 12ನೇ ಕಲಮಿನಲ್ಲಿ ಮಹಿಳೆಯರ ಉಚಿತ ಕಾನೂನು ನೆರವಿಗೆ ಆದಾಯದ ಮಿತಿಯೇ ಇಲ್ಲ. ಅವರಿಗೆ ಪಾಪರ್ ಅರ್ಜಿಯ ಗೋಜೇ ಬೇಡ.

ನಕಲು, ಟೈಪಿಂಗ್, ನೋಟಿಸು, ಆಟೋ ಸೇರಿ ಖರ್ಚು ನಾಲ್ಕೈದು ಸಾವಿರ ಇರಬಹುದು. ಅರ್ಜಿ ತಿರಸ್ಕರಿಸಿದರೂ ಫೀ ಕಟ್ಟಲು ಕಾಲಾವಕಾಶ ಕೊಡಬಹುದು, ಆದೇಶ 44ರ ನಿಯಮ 2ರಲ್ಲಿದೆ. ಅರ್ಜಿಗೆ ಮುಂಚಿನ ಎರಡು ತಿಂಗಳೊಳಗೆ ಕಕ್ಷಿದಾರ ಏನಾದರೂ ಮಾರಿದ್ದಾನಾ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ. ಹೀಗೇ ಸೈಟು ಮಾರಿದವನೊಬ್ಬನ ಅರ್ಜಿ ವಂಚನೆಯ ಮಾತೆದ್ದು ಬಿದ್ದುಹೋಗಿತ್ತು.

ಗೆದ್ದರೆ ಸರ್ಕಾರ ಆ ಫೀಯನ್ನು ಸ್ವತ್ತಿನ ಮೇಲೆ ಮೊದಲ ಹೊಣೆಯಾಗಿ ವಸೂಲಿ ಮಾಡುತ್ತದೆ, ಸೋತರೆ ಅಪೀಲುದಾರನೇ ಕಟ್ಟಬೇಕು. ವಕಾಲತ್ತಿಗೆ ಸಹಿ ಹಾಕಿಸುವ ಮೊದಲೇ ಇದನ್ನು ಹೇಳಿದ್ದೆ. "ಗೆದ್ದ ಮ್ಯಾಲ ಕೊಡೋಣು ಬಿಡ್ರಿ ಸಾಹೇಬ್ರ" ಅಂದ. ಸೋತರೂ ಅನ್ನುವ ಭಾಗವನ್ನು ಇನ್ನೊಮ್ಮೆ ಹೇಳಿ, ಆಮೇಲೆ ಸಹಿ ಮಾಡಿಸಿದೆ.