ಹಳೇ ಆಟೊಮ್ಯಾಟಿಕ್ ಕಾರು ಕೊಂಡಿರಾ? ಮೊದಲು ಗೇರ್‌ಬಾಕ್ಸ್ ಕಡೆ ನೋಡಿ

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾಕ್ಕೆ ಹೊಸದಾಗಿ ಬಂದ ನಮ್ಮವರಲ್ಲಿ ಬಹಳ ಮಂದಿಯ ಮೊದಲ ಕಾರು ಸೆಕೆಂಡ್ ಹ್ಯಾಂಡ್. ಕ್ರೆಡಿಟ್ ಹಿಸ್ಟರಿ ಇಲ್ಲದವರಿಗೆ ಹೊಸ ಕಾರಿನ ಸಾಲದ ಬಡ್ಡಿ ಜಾಸ್ತಿ. ಅಷ್ಟರಲ್ಲಿ ವಾಟ್ಸಾಪ್ ಗುಂಪಿನಲ್ಲಿ ಊರಿಗೆ ವಾಪಸ್ ಹೊರಟವರು ಯಾರೋ ಹತ್ತು ವರ್ಷದ ಕೊರೊಲ್ಲಾನೋ ಸಿವಿಕ್ಕೋ ಮಾರಲು ಹಾಕಿರುತ್ತಾರೆ. ಒಂದು ರೌಂಡ್ ಓಡಿಸಿ, ಚೆಕ್ ಬರೆದು ತಂದುಬಿಡುತ್ತೇವೆ. ಅದೇನೂ ತಪ್ಪಲ್ಲ, ಹಾಗೆ ಸಿಗುವ ಕಾರುಗಳಲ್ಲಿ ಒಳ್ಳೆಯವು ಬೇಕಾದಷ್ಟಿವೆ. ತಂದ ಮೇಲೆ ಎಂಜಿನ್ ಆಯಿಲ್ ಬದಲಿಸಬೇಕು ಅಂತ ಎಲ್ಲರಿಗೂ ಗೊತ್ತು. ಗೇರ್‌ಬಾಕ್ಸ್ ಒಳಗೂ ಒಂದು ಆಯಿಲ್ ಇದೆ, ಅದಕ್ಕೂ ವಯಸ್ಸಾಗುತ್ತದೆ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಊರಲ್ಲಿ ಮಾರುತಿ ಓಡಿಸಿ ಕಲಿತವರಿಗೆ ಗೇರ್ ಕಡೆಯ ತಲೆನೋವು ಅಂದರೆ ಕ್ಲಚ್ ಪ್ಲೇಟ್. ಸವೆದರೆ ಗ್ಯಾರೇಜಿಗೆ ಬಿಟ್ಟು ಹೊಸದು ಹಾಕಿಸಿಕೊಂಡು ಬಂದರೆ ಮುಗಿಯಿತು. ಇಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಟ್ಟರೆ ಬಿಚ್ಚಿ ಸರಿಮಾಡುವ ಅಂಗಡಿಗಳೇ ಕಡಿಮೆ. ಸಾಮಾನ್ಯವಾಗಿ ಇಡೀ ಗೇರ್‌ಬಾಕ್ಸನ್ನೇ ಬದಲಿಸುತ್ತಾರೆ. ಬಿಲ್ಲು ನಾಲ್ಕೈದು ಸಾವಿರ ಡಾಲರ್ ಆದರೂ ಆಶ್ಚರ್ಯವಿಲ್ಲ. ಕಾರಿನ ಬೆಲೆಯೇ ಅಷ್ಟಿಲ್ಲದಿದ್ದರೆ ಗುಜರಿಗೆ ಹಾಕುವುದೇ ದಾರಿ. ಅದನ್ನು ತಪ್ಪಿಸುವ ಆಯಿಲ್ ಬದಲಾವಣೆಗೆ ಆಗುವ ಖರ್ಚು ಇನ್ನೂರು ಡಾಲರ್ ಆಸುಪಾಸು.

ಆ ಆಯಿಲಿಗೆ ಎಟಿಎಫ್ (ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್) ಅನ್ನುತ್ತಾರೆ. ಇದು ಬರೀ ಜಾರಿಕೆಗೆ ಇರುವ ಎಣ್ಣೆಯಲ್ಲ. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವ ಟಾರ್ಕ್ ಕನ್ವರ್ಟರ್ ಅನ್ನುವ ಭಾಗದಲ್ಲಿ ಎಂಜಿನ್ನಿನ ಬಲ ಇದರ ಮೂಲಕವೇ ಗೇರ್‌ಬಾಕ್ಸಿಗೆ ದಾಟುತ್ತದೆ. ಒಳಗಿನ ಕ್ಲಚ್‌ಗಳನ್ನು ಹಿಡಿಸುವುದೂ ಇದರ ಒತ್ತಡವೇ. ಬಿಸಿಯನ್ನು ಹೊತ್ತು ಕೂಲರಿಗೆ ಒಯ್ಯುವುದೂ ಇದೇ. ಕ್ಲಚ್ ಸವೆದ ಪುಡಿ ಇದರಲ್ಲೇ ಸೇರುತ್ತಾ ಹೋಗುತ್ತದೆ, ಬಿಸಿಗೆ ಆಯಿಲಿನ ಗುಣವೂ ಕೆಡುತ್ತದೆ. ಆಮೇಲೆ ಕ್ಲಚ್ ಸರಿಯಾಗಿ ಹಿಡಿಯುವುದಿಲ್ಲ, ಜಾರುತ್ತದೆ. ಜಾರಿದರೆ ಇನ್ನೂ ಬಿಸಿ. ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದಿಲ್ಲ.

ಸಂಜೆ ಐದು ಗಂಟೆಗೆ 880 ಹೈವೇಯಲ್ಲೋ 101ರಲ್ಲೋ ತೆವಳುವ ಕಾರಿನ ಗೇರ್‌ಬಾಕ್ಸಿಗೆ ಬಿಸಿ ಜಾಸ್ತಿ. ಮಾಲೀಕರ ಕೈಪಿಡಿಯಲ್ಲಿ ಮಾಮೂಲಿ ಓಡಾಟಕ್ಕೆ ಒಂದು ಲೆಕ್ಕ, ಕಷ್ಟದ ಓಡಾಟಕ್ಕೆ ಇನ್ನೊಂದು ಲೆಕ್ಕ ಕೊಟ್ಟಿರುತ್ತಾರೆ. ನಿಂತು ನಿಂತು ಹೋಗುವ ಟ್ರಾಫಿಕ್, ಬರೀ ಎರಡು ಮೈಲಿಯ ಓಡಾಟ, ಬೆಟ್ಟದ ದಾರಿ ಇವೆಲ್ಲ ಎರಡನೆಯದರಲ್ಲೇ ಬರುತ್ತವೆ. ನಾವೆಲ್ಲ ಮಾಮೂಲಿ ಗುಂಪಿನವರು ಅಂದುಕೊಂಡಿರುತ್ತೇವೆ, ನಿಜದಲ್ಲಿ ಅಲ್ಲ. ಕೆಲವು ಕಂಪನಿಗಳು ಎಟಿಎಫ್ ಬದಲಿಸುವುದೇ ಬೇಡ ಅನ್ನುತ್ತವೆ. ವಾರಂಟಿ ಮುಗಿದ ಕಾರಿನ ಮಟ್ಟಿಗೆ ಆ ಮಾತನ್ನು ನಾನು ನಂಬುವುದಿಲ್ಲ. ಟ್ರಾಫಿಕ್ಕಿನಲ್ಲೇ ಓಡುವ ಕಾರಿಗೆ 30,000ದಿಂದ 40,000 ಮೈಲಿಗೊಮ್ಮೆ, ಹೈವೇ ಕಾರಿಗೆ ಹೆಚ್ಚೆಂದರೆ 60,000ಕ್ಕೊಮ್ಮೆ ಬದಲಿಸಿ. 60,000 ಮೈಲಿ ಅಂದರೆ ನಮ್ಮ ಲೆಕ್ಕದಲ್ಲಿ 96,000 ಕಿಲೋಮೀಟರಿಗೂ ಮೇಲೆ, ಸಣ್ಣ ದೂರವೇನಲ್ಲ. ಹಿಂದಿನವರು ಯಾವಾಗ ಬದಲಿಸಿದ್ದರು ಅಂತ ರಸೀದಿ ಇಲ್ಲದಿದ್ದರೆ ಬದಲಿಸಿಯೇ ಇಲ್ಲ ಅಂತ ತಿಳಿದುಕೊಳ್ಳಿ.

ಹೋಂಡಾ ಕೊಂಡವರಿಗೆ ಒಂದು ಅನುಕೂಲವಿದೆ. ಡ್ಯಾಶ್‌ಬೋರ್ಡಿನಲ್ಲಿ ರೆಂಚ್ ಚಿತ್ರದ ಜೊತೆ ಎ ಅಥವಾ ಬಿ ಅಕ್ಷರ, ಪಕ್ಕದಲ್ಲಿ ಅಂಕೆ ಬರುತ್ತದೆ. 1 ಅಂದರೆ ಟೈರ್ ಅದಲುಬದಲು, 2 ಏರ್ ಫಿಲ್ಟರ್, 3 ಗೇರ್‌ಬಾಕ್ಸ್ ಆಯಿಲ್. ಆದರೆ ಮಾರುವ ಮುಂಚೆ ಯಾರಾದರೂ ಅದನ್ನು ಸುಮ್ನೆ ರೀಸೆಟ್ ಮಾಡಿದ್ದರೆ ಅದರ ಲೆಕ್ಕವೂ ತಪ್ಪಿರುತ್ತದೆ.

ನಿಮ್ಮದು ಯಾವ ಗೇರ್‌ಬಾಕ್ಸ್?

ಇದನ್ನು ತಿಳಿಯದೆ ಆಯಿಲ್ ಮುಟ್ಟಬೇಡಿ. ಪಿ (ನಿಲ್ಲಿಸಲು), ಆರ್ (ಹಿಂದಕ್ಕೆ), ಎನ್ (ನ್ಯೂಟ್ರಲ್), ಡಿ (ಮುಂದಕ್ಕೆ) ಅಕ್ಷರಗಳು ಎಲ್ಲದರಲ್ಲೂ ಒಂದೇ ತರಹ ಇರುತ್ತವೆ, ಒಳಗೆ ಬೇರೆ ಬೇರೆ. ಹಳೆಯ ಬಗೆಯಲ್ಲಿ ನಿಜವಾದ ಗೇರುಗಳಿವೆ, ನಾಲ್ಕೋ ಐದೋ ಆರೋ ಎಂಟೋ. ಸಿವಿಟಿಯಲ್ಲಿ ಗೇರುಗಳ ಬದಲು ಎರಡು ಪುಲ್ಲಿಗಳ ನಡುವೆ ಒಂದು ಉಕ್ಕಿನ ಬೆಲ್ಟ್ ಓಡುತ್ತದೆ. 2014ರಿಂದ ಬಂದ ಹೆಚ್ಚಿನ ಕೊರೊಲ್ಲಾ ಮತ್ತು ಸಿವಿಕ್ ಆಟೊಮ್ಯಾಟಿಕ್‌ಗಳಲ್ಲಿ, 2013ರಿಂದ ನಾಲ್ಕು ಸಿಲಿಂಡರಿನ ಹೆಚ್ಚಿನ ಅಕಾರ್ಡ್‌ಗಳಲ್ಲಿ, 2015ರಿಂದ ಹೆಚ್ಚಿನ ಸಿಆರ್‌ವಿಗಳಲ್ಲಿ ಇರುವುದು ಸಿವಿಟಿ. ಆ ಬೆಲ್ಟ್ ಜಾರದಂತೆ ಹಿಡಿಯುವುದು ಅದಕ್ಕೆಂದೇ ಮಾಡಿದ ಆಯಿಲ್. ಅದರ ಜಾಗದಲ್ಲಿ ಮಾಮೂಲಿ ಎಟಿಎಫ್ ಸುರಿದರೆ ಗೇರ್‌ಬಾಕ್ಸ್ ಹೋಯಿತು ಅಂತಲೇ ಲೆಕ್ಕ. ಪ್ರಿಯಸ್ಸಿನ ಏರ್ಪಾಡು ಮೂರನೆಯದು. ಹೆಸರಿನಲ್ಲಿ ಸಿವಿಟಿ ಅಂತ ಇದ್ದರೂ ಬೆಲ್ಟ್ ಇಲ್ಲ, ಮೋಟಾರುಗಳು ಮತ್ತು ಹಲ್ಲಿನ ಚಕ್ರಗಳು ಮಾತ್ರ. ತುಂಬಾ ಗಟ್ಟಿ, ಅದಕ್ಕೇ ಟ್ಯಾಕ್ಸಿ ಓಡಿಸುವವರು ಅದನ್ನು ಹುಡುಕಿಕೊಂಡು ಹೋಗುವುದು.

ಅಗ್ಗವಾಗಿ ಸಿಗುವ ಎರಡು ಬಗೆಯ ಕಾರುಗಳ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ಹಲವು ಮಾಡೆಲ್‌ಗಳ ಸಿವಿಟಿಗೆ ನಿಸ್ಸಾನ್ ಕಂಪನಿಯೇ ವಾರಂಟಿ ವಿಸ್ತರಿಸಬೇಕಾಗಿ ಬಂದಿತ್ತು. 2012ರಿಂದ 2016ರ ಫೋರ್ಡ್ ಫೋಕಸ್, 2011ರಿಂದ 2016ರ ಫಿಯೆಸ್ಟಾಗಳ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಕೋರ್ಟ್ ಮೆಟ್ಟಿಲು ಹತ್ತಿತ್ತು. ಬೆಲೆ ಯಾಕೆ ಇಷ್ಟು ಕಡಿಮೆ ಅನ್ನುವುದಕ್ಕೆ ಉತ್ತರ ಅಲ್ಲೇ ಇರಬಹುದು.

ಆಯಿಲಿನ ಹೆಸರು ಕೈಪಿಡಿಯಲ್ಲಿ ಇರುತ್ತದೆ. ನಿಜವಾದ ಗೇರುಗಳಿರುವ ಹೋಂಡಾಗೆ ಡಿಡಬ್ಲ್ಯು-1, ಹೊಸ ಸಿವಿಟಿಗೆ ಎಚ್‌ಸಿಎಫ್-2. ಟೊಯೊಟಾಗೆ ಡಬ್ಲ್ಯುಎಸ್, ಅವರ ಸಿವಿಟಿಗೆ ಎಫ್‌ಇ. ನಿಸ್ಸಾನ್ ಸಿವಿಟಿಗೆ ಎನ್‌ಎಸ್-2 ಅಥವಾ ಎನ್‌ಎಸ್-3. ಎಲ್ಲಾ ಕಾರಿಗೂ ಆಗುತ್ತದೆ ಅಂತ ಬರೆದ ಬಾಟಲಿಗಳು ಸೂಪರ್ ಮಾರ್ಕೆಟ್ಟಿನಲ್ಲಿ ಅರ್ಧ ಬೆಲೆಗೆ ಸಿಗುತ್ತವೆ. ಇಲ್ಲಿ ಇಪ್ಪತ್ತು ಡಾಲರ್ ಉಳಿಸಲು ಹೋಗಬೇಡಿ.

ನೀವೇ ನೋಡಬಹುದಾದದ್ದು

ಹಳೆಯ ಕಾರುಗಳಲ್ಲಿ ಗೇರ್‌ಬಾಕ್ಸಿಗೂ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ಇರುತ್ತದೆ. ಸಮತಟ್ಟಾದ ಜಾಗದಲ್ಲಿ, ಕಾರು ಚೆನ್ನಾಗಿ ಓಡಿ ಬಿಸಿಯಾದ ಮೇಲೆ ನೋಡಬೇಕು. ಹೋಂಡಾದಲ್ಲಿ ಎಂಜಿನ್ ಆಫ್ ಮಾಡಿ ಒಂದು, ಒಂದೂವರೆ ನಿಮಿಷದೊಳಗೆ ನೋಡುತ್ತಾರೆ. ಹಳೆಯ ಟೊಯೊಟಾ ಮತ್ತು ಬೇರೆ ಹೆಚ್ಚಿನವುಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ, ಪಿಯಲ್ಲಿ ಇಟ್ಟು ನೋಡಬೇಕು. ಬಿಳಿ ಪೇಪರ್ ಟವೆಲ್ ಮೇಲೆ ಒರೆಸಿ. ಒಳ್ಳೆಯ ಆಯಿಲ್ ಸಾಮಾನ್ಯವಾಗಿ ತಿಳಿ ಕೆಂಪು. ಕಂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸುವ ಕಾಲ ಬಂದಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಆ ಕಾರನ್ನು ಕೊಳ್ಳಬೇಡಿ. ಸ್ಟ್ರಾಬೆರಿ ಮಿಲ್ಕ್‌ಶೇಕಿನ ಹಾಗೆ ಗುಲಾಬಿ ಬಣ್ಣದ ನೊರೆ ಕಂಡರಂತೂ ಓಡಿಸಲೇಬೇಡಿ. ರೇಡಿಯೇಟರ್ ಒಳಗಿನ ಕೂಲರ್ ಒಡೆದು ಕೂಲಂಟ್ (ಎಂಜಿನ್ ತಣಿಸುವ ದ್ರವ) ಗೇರ್‌ಬಾಕ್ಸಿಗೆ ಸೇರಿದೆ ಅಂತ ಅರ್ಥ.

ಈಚಿನ ಬಹಳ ಕಾರುಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ. ಕಾರನ್ನು ಮೇಲೆತ್ತಿ, ಆಯಿಲ್ ನಿಗದಿತ ಬಿಸಿಯಲ್ಲಿರುವಾಗ ಅಡಿಯ ತಿರುಪು ಬಿಚ್ಚಿ ಮಟ್ಟ ನೋಡಬೇಕು. ಅದು ಮೆಕ್ಯಾನಿಕ್ ಕೆಲಸ. ನೀವು ಮಾಡಬಹುದಾದದ್ದು ಓಡಿಸುವಾಗ ಗಮನ ಕೊಡುವುದು. ಬೆಳಿಗ್ಗೆ ತಣ್ಣಗಿರುವ ಕಾರನ್ನು ಡಿಗೋ ಆರ್‌ಗೋ ಹಾಕಿದಾಗ ಎರಡು ಸೆಕೆಂಡಿಗಿಂತ ತಡವಾಗಿ ಹಿಡಿಯುತ್ತದಾ? ಧಡಕ್ ಅನ್ನುತ್ತದಾ? ಗೇರ್ ಬದಲಾಗುವಾಗ ಎಂಜಿನ್ ಸದ್ದು ಏರಿ ಕಾರು ಮಾತ್ರ ಮುಂದೆ ಹೋಗುವುದಿಲ್ಲವಾ? ಗಂಟೆಗೆ ನಲವತ್ತು ಮೈಲಿ ಆಸುಪಾಸಿನಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಸಣ್ಣಗೆ ನಡುಗುತ್ತದಾ? ಆ ನಡುಕ ಟಾರ್ಕ್ ಕನ್ವರ್ಟರಿನದ್ದಾದರೆ, ಶುರುವಿನಲ್ಲೇ ಹಿಡಿದಾಗ ಆಯಿಲ್ ಬದಲಿಸಿದರೆ ಹೋಗಿಬಿಡುವುದೂ ಉಂಟು. ಕೊಳ್ಳುವ ಮುಂಚೆ ನೋಡಲು ಹೋಗುವವರು, ಕಾರನ್ನು ಮೊದಲೇ ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಮಾರುವವರಿಗೆ ಹೇಳಿ. ಬಿಸಿಯಾದ ಕಾರು ಕೆಲವು ದೋಷಗಳನ್ನು ಮುಚ್ಚಿಡುತ್ತದೆ.

ಡ್ರೈನ್ ಅಂಡ್ ಫಿಲ್ ಸಾಕು

ಅಂಗಡಿಗೆ ಹೋದರೆ ಎರಡು ಆಯ್ಕೆ ಕೊಡುತ್ತಾರೆ. ಒಂದು ಡ್ರೈನ್ ಅಂಡ್ ಫಿಲ್: ತಿರುಪು ಬಿಚ್ಚಿ ಇಳಿದಷ್ಟು ಆಯಿಲ್ ಇಳಿಸಿ, ಅಷ್ಟೇ ಹೊಸದು ಹಾಕುವುದು. ಟಾರ್ಕ್ ಕನ್ವರ್ಟರಿನಲ್ಲಿ ಇರುವುದು ಇಳಿಯುವುದಿಲ್ಲ, ಹಾಗಾಗಿ ಅರ್ಧಕ್ಕಿಂತ ಕಡಿಮೆ ಬದಲಾಗುತ್ತದೆ. ಇನ್ನೊಂದು ಮೆಷಿನ್ ಹಚ್ಚಿ ಪೂರ್ತಿ ತೊಳೆಯುವ ಫ್ಲಶ್, ಇದಕ್ಕೆ ದುಡ್ಡು ಜಾಸ್ತಿ. ಹಿಂದಿನ ಚರಿತ್ರೆ ಗೊತ್ತಿಲ್ಲದ ಕಾರಿಗೆ ನನ್ನ ಓಟು ಮೊದಲನೆಯದಕ್ಕೆ. ಈಗ ಒಂದು ಸಲ ಮಾಡಿಸಿ, ಕೆಲವು ತಿಂಗಳು ಓಡಿಸಿ, ಮುಂದಿನ ಎಂಜಿನ್ ಆಯಿಲ್ ಬದಲಿಸುವಾಗ ಮತ್ತೆ ಮಾಡಿಸಿ. ಎರಡು ಮೂರು ಸಲಕ್ಕೆ ಹೆಚ್ಚಿನ ಭಾಗ ಹೊಸದಾಗಿರುತ್ತದೆ, ಗೇರ್‌ಬಾಕ್ಸಿಗೂ ಒಮ್ಮೆಲೇ ಗಾಬರಿಯಿಲ್ಲ. ಹೊಸ ಆಯಿಲ್ ಹಾಕಿದರೆ ಹಳೆ ಗೇರ್‌ಬಾಕ್ಸ್ ಸಾಯುತ್ತದೆ ಅನ್ನುವ ಮಾತು ನಿಮ್ಮ ಕಿವಿಗೂ ಬೀಳುತ್ತದೆ. ಜಾರಲು ಶುರುವಾದ ಮೇಲೆ ಕೊನೆಯ ಆಸೆಯಿಂದ ಆಯಿಲ್ ಬದಲಿಸಿದವರೇ ಹೆಚ್ಚಾಗಿ ಅದನ್ನು ಹೇಳುವುದು. ಆ ಗೇರ್‌ಬಾಕ್ಸ್ ಹೇಗೂ ಹೋಗುತ್ತಿತ್ತು, ಅಲ್ವಾ?

ಈ ಕೆಲಸಕ್ಕೆ ಹತ್ತು ನಿಮಿಷದಲ್ಲಿ ಎಂಜಿನ್ ಆಯಿಲ್ ಬದಲಿಸುವ ಅಂಗಡಿಗೆ ಹೋಗಬೇಡಿ. ಕೆಲವು ಹೋಂಡಾ, ಸುಬಾರು ಕಾರುಗಳ ಅಡಿಯಲ್ಲಿ ಎಂಜಿನ್ನಿನ ತಿರುಪು, ಗೇರ್‌ಬಾಕ್ಸಿನ ತಿರುಪು ಹತ್ತಿರ ಹತ್ತಿರವೇ ಇರುತ್ತವೆ. ಅವಸರದಲ್ಲಿ ಗೇರ್‌ಬಾಕ್ಸ್ ಖಾಲಿ ಮಾಡಿ, ಎಂಜಿನ್ನಿಗೆ ಇನ್ನಷ್ಟು ಆಯಿಲ್ ತುಂಬಿ ಕಳಿಸಿದ ಕಥೆಗಳು ಎಷ್ಟೋ. ಜಪಾನಿ ಕಾರುಗಳನ್ನೇ ನೋಡುವ ಸಣ್ಣ ಗ್ಯಾರೇಜುಗಳು ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೋಸೆ ಎಲ್ಲಾ ಕಡೆ ಇವೆ. ಕ್ಯಾಲಿಫೋರ್ನಿಯಾದಲ್ಲಿ ರಿಪೇರಿ ಅಂಗಡಿಗಳು ಬ್ಯೂರೋ ಆಫ್ ಆಟೊಮೋಟಿವ್ ರಿಪೇರಿಯಲ್ಲಿ ನೋಂದಾಯಿಸಿರಬೇಕು. ಕೆಲಸಕ್ಕೆ ಮುಂಚೆ ಅಂದಾಜು ಖರ್ಚನ್ನು ಬರೆದು ಕೊಡಬೇಕು, ನಿಮ್ಮನ್ನು ಕೇಳದೆ ಅದನ್ನು ಮೀರುವಂತಿಲ್ಲ. ಬಿಚ್ಚಿದ ಹಳೇ ಭಾಗ ಬೇಕು ಅಂತ ಮೊದಲೇ ಕೇಳಿದರೆ ಕೊಡಬೇಕು. ಕಾರಿಗೆ ಇನ್ನೂ ವಾರಂಟಿ ಇದ್ದರೂ ಹೊರಗೆ ಸರ್ವಿಸ್ ಮಾಡಿಸಿದ ಒಂದೇ ಕಾರಣಕ್ಕೆ ಅದನ್ನು ರದ್ದು ಮಾಡುವಂತಿಲ್ಲ, 1975ರಿಂದಲೂ ಅದಕ್ಕೆ ಕೇಂದ್ರದ ಕಾನೂನಿದೆ. ರಸೀದಿ ಮಾತ್ರ ಇಟ್ಟುಕೊಳ್ಳಿ, ಹಾಕಿದ ಆಯಿಲಿನ ಹೆಸರು ಅದರಲ್ಲಿ ಬರೆಸಿ.

ಓಡಿಸುವ ರೂಢಿ

ಚಾರ್ಮಾಡಿ, ಶಿರಾಡಿ ಇಳಿಯುವಾಗ ಪೆಟ್ರೋಲ್ ಉಳಿಯಲಿ ಅಂತ ನ್ಯೂಟ್ರಲ್‌ಗೆ ಹಾಕುವವರನ್ನು ನೋಡಿದ್ದೀರಿ. ಇಲ್ಲಿ ಟಾಹೋ ಬೆಟ್ಟಗಳಿಂದ ಇಳಿಯುವಾಗ ಅದನ್ನು ಮಾಡಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಇಳಿಜಾರಿನಲ್ಲಿ ನ್ಯೂಟ್ರಲ್‌ನಲ್ಲಿ ಹೋಗುವುದು ಕಾನೂನಿಗೇ ವಿರುದ್ಧ. ಪೆಟ್ರೋಲೂ ಉಳಿಯುವುದಿಲ್ಲ, ಈಗಿನ ಎಂಜಿನ್‌ಗಳು ಇಳಿಜಾರಿನಲ್ಲಿ ಗೇರಿನಲ್ಲಿದ್ದರೆ ತಾವೇ ಇಂಧನ ಕಡಿಮೆ ಮಾಡುತ್ತವೆ. ಗೇರ್ ಲಿವರಿನಲ್ಲಿ ಎಲ್, ಎಸ್ ಅಥವಾ ಬಿ ಅಂತ ಏನಿದೆಯೋ ಅದಕ್ಕೆ ಹಾಕಿ, ಬ್ರೇಕಿಗೂ ಬಿಡುವು ಸಿಗುತ್ತದೆ.

ಇಳಿಜಾರಿನಲ್ಲಿ ನಿಲ್ಲಿಸುವಾಗ ಬ್ರೇಕ್ ತುಳಿದುಕೊಂಡೇ ಮೊದಲು ಹ್ಯಾಂಡ್ ಬ್ರೇಕ್ ಎಳೆಯಿರಿ, ಆಮೇಲೆ ಪಿಗೆ ಹಾಕಿ. ಬರೀ ಪಿಗೆ ಹಾಕಿ ಇಳಿದರೆ ಇಡೀ ಕಾರಿನ ಭಾರ ಗೇರ್‌ಬಾಕ್ಸ್ ಒಳಗಿನ ಒಂದು ಸಣ್ಣ ಕೊಕ್ಕೆಯ ಮೇಲೆ ಬೀಳುತ್ತದೆ. ಪಾರ್ಕಿಂಗ್‌ನಲ್ಲಿ ಹಿಂದೆ ಹೋಗುತ್ತಿರುವಾಗಲೇ ಡಿಗೆ ಎಳೆಯುವ ಅವಸರ ಬೇಡ, ಪೂರ್ತಿ ನಿಲ್ಲಲಿ. ಎಡಗಾಲಿಗೆ ಇಲ್ಲಿ ಕೆಲಸವಿಲ್ಲ. ಕ್ಲಚ್ ಅಂದುಕೊಂಡು ಅದು ಬ್ರೇಕ್ ತುಳಿದರೆ ಹಿಂದಿನ ಕಾರು ನಿಮ್ಮ ಡಿಕ್ಕಿಯಲ್ಲಿ ಇರುತ್ತದೆ.

ಗೇರ್‌ಬಾಕ್ಸ್ ಕೆಡಲು ಬೇರೆ ಕಡೆಯ ಕಾರಣಗಳೂ ಇರುತ್ತವೆ. ಕೂಲಂಟ್ ಹಳತಾಗಿ ರೇಡಿಯೇಟರ್ ಕಟ್ಟಿಕೊಂಡರೆ ಎಟಿಎಫ್ ಕೂಡ ಬಿಸಿಯಾಗುತ್ತದೆ. ಬ್ಯಾಟರಿ ಸೋತರೆ ಗೇರ್ ಬದಲಾಯಿಸುವ ಕಂಪ್ಯೂಟರ್ ವಿಚಿತ್ರವಾಗಿ ಆಡುತ್ತದೆ, ಹಾಗಾಗಿ ಗೇರ್‌ಬಾಕ್ಸ್ ಹೋಯಿತು ಅನ್ನುವ ಮುಂಚೆ ಬ್ಯಾಟರಿ ಪರೀಕ್ಷಿಸಿ. ನಾಲ್ಕು ಚಕ್ರಕ್ಕೂ ಬಲ ಹೋಗುವ ಸುಬಾರುವಿನಂತಹ ಕಾರುಗಳಲ್ಲಿ ನಾಲ್ಕೂ ಟೈರ್ ಒಂದೇ ಅಳತೆ, ಹೆಚ್ಚು ಕಡಿಮೆ ಒಂದೇ ಸವೆತ ಇರಬೇಕು. ಒಂದು ಹೊಸದು, ಮೂರು ಹಳೆಯದು ನಡೆಯುವುದಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಎಂಜಿನ್ ದೀಪ ಹತ್ತಿದರೆ ಅದು ಗೇರ್‌ಬಾಕ್ಸಿನ ದೂರೂ ಆಗಿರಬಹುದು. 1996ರಿಂದ ಇಲ್ಲಿನ ಎಲ್ಲಾ ಕಾರುಗಳಲ್ಲೂ ಸ್ಟಿಯರಿಂಗ್ ಕೆಳಗೆ ದೋಷದ ಕೋಡ್ ಓದುವ ಓಬಿಡಿ ಸಾಕೆಟ್ ಇದೆ. ಇಪ್ಪತ್ತು ಮೂವತ್ತು ಡಾಲರಿನ ಸ್ಕ್ಯಾನರ್ ಚುಚ್ಚಿದರೆ ಕೋಡ್ ತೋರಿಸುತ್ತದೆ. ಪಿ0700 ಬಂದರೆ ಗೇರ್‌ಬಾಕ್ಸ್ ಕಡೆಯ ತೊಂದರೆ, ಪಿ0741 ಟಾರ್ಕ್ ಕನ್ವರ್ಟರ್ ಕ್ಲಚ್‌ನದು. ದೀಪ ಹತ್ತಿಕೊಂಡೇ ಇದ್ದರೆ ಸ್ಮಾಗ್ ಟೆಸ್ಟ್ (ಹೊಗೆ ತಪಾಸಣೆ) ಪಾಸಾಗುವುದಿಲ್ಲ, ರಿಜಿಸ್ಟ್ರೇಷನ್ ನಿಲ್ಲುತ್ತದೆ. ಕೋಡ್ ಅಳಿಸಿ ಅದೇ ದಿನ ಟೆಸ್ಟಿಗೆ ಹೋದರೂ ಪ್ರಯೋಜನವಿಲ್ಲ, ಒಳಗಿನ ತಪಾಸಣೆಗಳು ಮುಗಿದಿಲ್ಲ ಅಂತ ಮೆಷಿನ್ ಹೇಳಿಬಿಡುತ್ತದೆ. ದುಡ್ಡು ಖರ್ಚು ಮಾಡುವ ಮುಂಚೆ ಕಾರಿನ ಗುರುತಿನ ಸಂಖ್ಯೆಯಾದ ಹದಿನೇಳು ಅಕ್ಷರದ ವಿನ್ ನಂಬರನ್ನು ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ರೀಕಾಲ್ (ದೋಷ ಸರಿಪಡಿಸಲು ಕಂಪನಿಯೇ ಕಾರನ್ನು ವಾಪಸ್ ಕರೆಯುವುದು) ಇದ್ದರೆ ಡೀಲರ್ ಪುಕ್ಕಟೆ ಮಾಡಿಕೊಡುತ್ತಾರೆ, ಕಾರು ಎಷ್ಟನೇ ಕೈ ಅನ್ನುವುದು ಲೆಕ್ಕಕ್ಕಿಲ್ಲ.

ದಾರಿಯಲ್ಲಿ ನಿಂತುಹೋದರೆ ಇನ್ನೊಂದು ವಿಷಯ. ಊರಿನ ಹಾಗೆ ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡುವುದು ಆಟೊಮ್ಯಾಟಿಕ್‌ನಲ್ಲಿ ಆಗುವುದಿಲ್ಲ. ಬ್ಯಾಟರಿಯದ್ದಾದರೆ ಜಂಪರ್ ಕೇಬಲ್ ಸಾಕು. ಎಳೆಸಿಕೊಂಡು ಹೋಗಬೇಕಾದರೆ, ಮುಂದಿನ ಚಕ್ರಕ್ಕೆ ಬಲ ಹೋಗುವ ಕಾರಿನ ಮುಂದಿನ ಚಕ್ರಗಳು ನೆಲದಿಂದ ಎದ್ದಿರಬೇಕು. ನಾಲ್ಕೂ ಚಕ್ರದ ಕಾರಾದರೆ ಕಾರನ್ನು ಪೂರ್ತಿ ಮೇಲೇರಿಸಿಕೊಳ್ಳುವ ಫ್ಲ್ಯಾಟ್‌ಬೆಡ್ ಲಾರಿಯೇ ಬೇಕು ಅಂತ ಫೋನಿನಲ್ಲೇ ಹೇಳಿಬಿಡಿ, ಇಲ್ಲದಿದ್ದರೆ ಕೊಕ್ಕೆಯ ಲಾರಿ ಬಂದು ನಿಂತಿರುತ್ತದೆ.