ಪಾದದ ಸ್ಪರ್ಶ ಕುಂದಿದೆಯೇ? ಮನೆಯಲ್ಲೇ ಪರೀಕ್ಷಿಸುವ ಬಗೆ

ಮಳೆಗಾಲ ಹಿಡಿಯಿತೆಂದರೆ ಮಲೆನಾಡಿನ ಅಡಿಕೆ ತೋಟಗಳಲ್ಲಿ ಓಡಾಡುವವರ ಪಾದಗಳು ಸದಾ ಒದ್ದೆಯಾಗಿರುತ್ತವೆ. ಮುಳ್ಳು ಚುಚ್ಚಿದರೆ, ಬೆರಳ ಸಂದಿಯಲ್ಲಿ ಹುಣ್ಣಾದರೆ ನೋವು ಎಚ್ಚರಿಸುತ್ತದೆ. ಆದರೆ ಬಹುಕಾಲದಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ಆ ನೋವೇ ತಿಳಿಯದಂತಾಗಬಹುದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಲ್ಲಿ ಅಂಥವರಿದ್ದರೆ ಮುಂಗಾರು ಬಲಿಯುವ ಮೊದಲೇ ಅವರ ಪಾದದ ಸ್ಪರ್ಶವನ್ನು ಪರೀಕ್ಷಿಸಿ ನೋಡುವುದು ಅಗತ್ಯ. ಅದಕ್ಕೆ ಉಪಕರಣವೇನೂ ಬೇಡ.

ಮೊದಲು ಸ್ಪರ್ಶವು ಮಿದುಳಿಗೆ ಹೋಗುವ ದಾರಿಯನ್ನು ತಿಳಿಯೋಣ. ಚರ್ಮದೊಳಗೆ ಸಂವೇದನಾ ನರಗಳ ತುದಿಗಳು ಹರಡಿಕೊಂಡಿವೆ. ಚರ್ಮವನ್ನು ಒತ್ತಿದಾಗ ಈ ತುದಿಗಳ ಪೊರೆಯಲ್ಲಿರುವ ಪ್ರೋಟೀನಿನ ಸೂಕ್ಷ್ಮ ದ್ವಾರಗಳು ತೆರೆದುಕೊಂಡು, ಸೋಡಿಯಂನಂತಹ ಅಯಾನುಗಳು (ವಿದ್ಯುದಾವೇಶವುಳ್ಳ ಕಣಗಳು) ಒಳನುಗ್ಗಿ, ವಿದ್ಯುತ್ ಸಂಕೇತವೊಂದು ಹುಟ್ಟುತ್ತದೆ. ಬಿಸಿಗೆ ಬೇರೆಯದೇ ದ್ವಾರವಿದೆ. ಅದು ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದಾಗ ತೆರೆಯುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೂಡ ಅದೇ ದ್ವಾರವನ್ನು ತೆರೆಯುವುದರಿಂದಲೇ ಸೂಜಿಮೆಣಸು ಕಚ್ಚಿದಾಗ ಬಾಯಿ ಸುಟ್ಟಂತಾಗುವುದು. ಈ ದ್ವಾರಗಳನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಒತ್ತಡ ಹೆಚ್ಚಿದರೆ ಸಂಕೇತದ ಗಾತ್ರ ಹಿಗ್ಗುವುದಿಲ್ಲ, ಸೆಕೆಂಡಿಗೆ ಹೊರಡುವ ಸಂಕೇತಗಳ ಸಂಖ್ಯೆ ಏರುತ್ತದೆ. ಸ್ಪರ್ಶದ ದಪ್ಪ ನರತಂತುಗಳಲ್ಲಿ ಅವು ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಸಾಗಿದರೆ, ಉರಿನೋವಿನ ಸಪೂರ ತಂತುಗಳಲ್ಲಿ ವೇಗ ಒಂದೆರಡು ಮೀಟರ್ ಮಾತ್ರ. ಕಾಲ್ಬೆರಳು ಎಡವಿದಾಗ ತಗುಲಿದ್ದು ಮೊದಲು ತಿಳಿದು, ಉರಿ ಕ್ಷಣ ತಡವಾಗಿ ಬರುವುದು ಇದರಿಂದಲೇ. ಸಂಕೇತವು ಬೆನ್ನುಹುರಿಯ ಮೂಲಕ ಏರಿ, ಎದುರು ಬದಿಗೆ ದಾಟಿ, ಮಿದುಳಿನ ನಡುವಿನ ಥಲಾಮಸ್ ಎಂಬ ಭಾಗವನ್ನು ಹಾದು ಮಿದುಳಿನ ಹೊರಪದರವನ್ನು ಮುಟ್ಟುತ್ತದೆ.

ಕಾಲ್ಬೆರಳೇ ಮೊದಲು ಮರಗಟ್ಟುವುದೇಕೆ? ಬೆರಳಿಗೆ ಬರುವ ನರಕೋಶದ ಒಡಲು ಇರುವುದು ಸೊಂಟದ ಹತ್ತಿರ, ಬೆನ್ನುಹುರಿಯ ಪಕ್ಕದಲ್ಲಿ. ಅಲ್ಲಿಂದ ಸುಮಾರು ಒಂದು ಮೀಟರ್ ದೂರದ ತುದಿಯವರೆಗೂ ಆ ಒಂದೇ ಕೋಶ ತನ್ನ ತಂತುವನ್ನು ಪೋಷಿಸಬೇಕು. ರಕ್ತದಲ್ಲಿ ಸಕ್ಕರೆ ಹೆಚ್ಚಾಗಿಯೇ ಉಳಿದರೆ ಕೋಶದ ಶಕ್ತಿ ಉತ್ಪಾದನೆಯೂ ನರಕ್ಕೆ ರಕ್ತ ಒದಗಿಸುವ ಕಿರುನಾಳಗಳೂ ಕೆಡುತ್ತವೆ. ಸೊರಗುವುದು ಅತಿ ಉದ್ದದ ತಂತುವಿನ ತುದಿಯೇ.

ಈಗ ಪರೀಕ್ಷೆ. ಕಾಯಿಲೆಯವರನ್ನು ಬರಿಗಾಲಲ್ಲಿ ಮಲಗಿಸಿ, ಎಡ-ಬಲ ಕಾಲುಗಳನ್ನು ಗಟ್ಟಿಯಾಗಿ ಮುಟ್ಟಿ ಯಾವುದೆಂದು ಖಚಿತಪಡಿಸಿ, ಕಣ್ಣು ಮುಚ್ಚಲು ಹೇಳಿ. ಮುಟ್ಟಿದ್ದು ತಿಳಿದ ಕೂಡಲೇ ಅವರು ‘ಎಡ’ ಅಥವಾ ‘ಬಲ’ ಎನ್ನಬೇಕು. ನಿಮ್ಮ ತೋರುಬೆರಳಿನಿಂದ ಬಲಗಾಲಿನ ಹೆಬ್ಬೆರಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬಾರದು, ತಟ್ಟಬಾರದು, ಸವರಬಾರದು. ಅನಂತರ ಬಲಗಾಲಿನ ಕಿರುಬೆರಳು, ಎಡಗಾಲಿನ ಹೆಬ್ಬೆರಳು ಮತ್ತು ಕಿರುಬೆರಳು, ಕೊನೆಗೆ ಬಲ ಮತ್ತು ಎಡ ಪಾದಗಳ ನಡುಬೆರಳು. ಉತ್ತರ ಬರದಿದ್ದರೆ ಅದೇ ಬೆರಳನ್ನು ಮತ್ತೆ ಮುಟ್ಟಬೇಡಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಸ್ಪರ್ಶ ಕುಂದಿದೆ ಎಂದರ್ಥ. ವೈದ್ಯರು 10 ಗ್ರಾಂ ಒತ್ತಡದ ನೈಲಾನ್ ಎಳೆ ಹಾಗೂ ತಟ್ಟಿದರೆ ಸೆಕೆಂಡಿಗೆ 128 ಬಾರಿ ಕಂಪಿಸುವ ಶ್ರುತಿಕವೆಯಿಂದ (ಟ್ಯೂನಿಂಗ್ ಫೋರ್ಕ್) ಅದನ್ನು ಖಚಿತಪಡಿಸುತ್ತಾರೆ.

ಈ ಪರೀಕ್ಷೆ ಮುಖ್ಯವಾಗಿ ದಪ್ಪ ತಂತುಗಳ ಸ್ಥಿತಿಯನ್ನಷ್ಟೇ ಹೇಳುತ್ತದೆ. ಸಪೂರ ತಂತುಗಳು ಮೊದಲೇ ಹಾಳಾಗಿರಬಹುದಾದ್ದರಿಂದ, ರಾತ್ರಿ ಪಾದ ಉರಿಯುತ್ತಿದ್ದರೆ, ಜುಮ್ಮೆನ್ನುತ್ತಿದ್ದರೆ, ಆರೂ ಕಡೆ ಸರಿಯಾಗಿ ಉತ್ತರಿಸಿದವರೂ ವೈದ್ಯರನ್ನು ಕಾಣಬೇಕು.

ಸ್ಪರ್ಶ ಕುಂದಿದವರು ಬಚ್ಚಲೊಲೆಯ ಮುಂದೆ ಪಾದ ಕಾಯಿಸಿಕೊಳ್ಳಬಾರದು. ಹಂಡೆಯ ನೀರಿನ ಬಿಸಿಯನ್ನು ಮನೆಯ ಬೇರೆಯವರು ನೋಡಿ ಹೇಳಬೇಕು. ತೋಟದಿಂದ ಬಂದ ಮೇಲೆ ಪಾದ ತೊಳೆದು, ಬೆರಳ ಸಂದಿಗಳನ್ನು ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಉಂಬಳ ಕಚ್ಚಿದ ಗಾಯವಾಗಲಿ, ಮುರಿದ ಮುಳ್ಳಾಗಲಿ, ಹುಣ್ಣಾಗಲಿ ಕಂಡರೆ, ನೋವಿಲ್ಲವೆಂದು ಎಣ್ಣೆ ಹಚ್ಚಿ ಕಾಯದೆ ಅಂದೇ ವೈದ್ಯರಿಗೆ ತೋರಿಸಬೇಕು.